ಸೋಮವಾರ ಇಲ್ಲದ ಸದ್ದು

ಕೋಟನೂರ, ಕಲಬುರಗಿ
5 ನವೆಂಬರ್ 2024

ವಿದ್ಯಾವತಿಗೆ ಸಾಯಬಣ್ಣ ಕಾಕಾ ಬರೆಯುವುದು.

ಹೇಗಿದ್ದೀ ಎಂದು ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಹೇಳು, ಗುಡ್ಡದ ಮೇಲಿನ ನನ್ನ ರಿಪೀಟರಿನಲ್ಲಿ ಅದೇನು ಟಕ್ ಟಕ್ ಸದ್ದು? ತಿಂಗಳಿಂದ ಇದೆಯಂತೆ. ನಿನ್ನೆ ಆಂಬುಲೆನ್ಸ್ ಟ್ರಸ್ಟಿನ ಆಫೀಸಿಗೆ ಕರೆಸಿದ್ದರು. ಹೊಸ ಮ್ಯಾನೇಜರ್ ಸುನೀಲಕುಮಾರ ನನ್ನನ್ನು ಕೂರಿಸಿ ಚಹಾ ಕೊಟ್ಟ. ಚಹಾ ಕೊಟ್ಟಾಗಲೇ ಗೊತ್ತಾಯಿತು, ಏನೋ ಕೆಟ್ಟದ್ದು ಹೇಳುವವನಿದ್ದಾನೆ ಅಂತ.

“ಕಾಕಾ, ಡ್ರೈವರ್ ಮಂದಿಗೆ ಏನೂ ಕೇಳಾಕತ್ತಿಲ್ಲರಿ. ಸಂಜಿ ಆತು ಅಂದ್ರ ಟಕ್ ಟಕ್ ಟಕ್. ನಿಮ್ಮ ಡಬ್ಬಿಗೆ ವಯಸ್ಸಾಗ್ಯದ. ತೆಗೆದು ಬಿಡೋಣು. ಎಲ್ಲಾರ ಕೈಯಾಗ ಮೊಬೈಲ್ ಅದ.”

“ಡಬ್ಬಿ ಅಲ್ಲಪ್ಪಾ ಅದು. ಆಂಬುಲೆನ್ಸಿನವರು ತಗ್ಗಿನಾಗ ನಿಂತು ಸಣ್ಣ ದನಿಲೆ ಮಾತಾಡಿದ್ದು ಕೇಳಿ, ಅದನ್ನೇ ಗುಡ್ಡದ ಮ್ಯಾಲಿಂದ ದೊಡ್ಡ ದನಿಲೆ ಕೂಗ್ತದ. ಆ ಹಳ್ಳ್ಯಾಗ ನಿನ್ನ ಮೊಬೈಲ್ ಸತ್ತು ಬಿದ್ದಿರ್ತದ. ಅವಾಗ ಯಾರು ಕೂಗ್ತಾರ, ನಿಮ್ಮಪ್ಪ ಏನು?”

ಅವನ ಮುಖ ಸಣ್ಣದಾಯಿತು. ಆದರೆ ತಾರೀಖು ಕೊಟ್ಟೇಬಿಟ್ಟ. ಡಿಸೆಂಬರ್ ಹದಿನೈದರೊಳಗೆ ಸದ್ದು ಹೋಗಬೇಕು. ಇಲ್ಲವಾದರೆ ಟವರ್ ಇಳಿಸಿ ಗುಜರಿಗೆ ಹಾಕುತ್ತಾರೆ.

ಇಪ್ಪತ್ತೆರಡು ವರ್ಷದ ಹಿಂದೆ ಆ ಟವರಿನ ಕಾಲು ಹೂತವನು ನಾನು. ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಮೋಮಿನಪುರದಲ್ಲಿ ಲಾಲ್ ಅಹ್ಮದ್ ಉಸ್ತಾದರ ಅಂಗಡಿಯಲ್ಲಿ ರೇಡಿಯೋ ಬಿಚ್ಚಿ ಬಿಚ್ಚಿ ಕಲಿತವನು. ಬದುಕಿನಲ್ಲಿ ನನ್ನದು ಅಂತ ನಿಲ್ಲಿಸಿದ್ದು ಅದೊಂದೇ. ಅದು ಗುಜರಿಗೆ ಹೋಗುವುದನ್ನು ನೋಡಲಿಕ್ಕೆಂದು ನಾನು ಇಷ್ಟು ದಿನ ಬದುಕಿಲ್ಲ.

ಮೊಣಕಾಲಿನ ಆಪರೇಷನ್ ಆದ ಮೇಲೆ ಗುಡ್ಡ ಹತ್ತುವ ಮಾತೇ ಎತ್ತಬೇಡಿ ಎಂದಿದ್ದಾನೆ ಡಾಕ್ಟರ. ಮೊಬೈಲಿನಲ್ಲಿ ನನಗೆ ಅರ್ಧ ಮಾತು ಕೇಳುವುದಿಲ್ಲ, ಕೇಳಿದ ಅರ್ಧಕ್ಕೆ ಸಿಟ್ಟು ಬರುತ್ತದೆ. ಅದಕ್ಕೇ ಕಾಗದ. ದಿನಾ ಕಮಲಾಪುರದಿಂದ ಬರುವ ನಮ್ಮ ಡ್ರೈವರ್ ಯಂಕಪ್ಪನ ಕೈಯಲ್ಲಿ ಕೊಡು. ಟವರಿನ ಬುಡದ ರೇಡಿಯೋ ರೂಮಿನಲ್ಲಿ ಕೂರುವವಳು ನೀನು. ಈಗ ನನ್ನ ಕೈಯೂ ನೀನೇ, ಕಿವಿಯೂ ನೀನೇ.

ಹೇಳಿದ ಹಾಗೆ ಮಾಡು. ಚಾರ್ಜರ್ ಬಂದ್ ಮಾಡಿ ಬರೀ ಬ್ಯಾಟರಿಯ ಮೇಲೆ ನಡೆಸು. ಸದ್ದು ನಿಂತರೆ ಕಳ್ಳ ಚಾರ್ಜರಿನಲ್ಲಿದ್ದಾನೆ. ನಿಲ್ಲದಿದ್ದರೆ ಆಂಟೆನಾ ಕೇಬಲ್ಲಿನ ಜೋಡಣೆ ಬಿಚ್ಚಿ ನೋಡು, ನೀರು ಹೊಕ್ಕು ಹಸಿರು ಕಿಲುಬು ಹಿಡಿದಿದ್ದರೆ ಕೊಯ್ದು ಹೊಸದು ಹಾಕು. ಟವರಿನ ನಟ್ಟು ಬಿಗಿ ಇವೆಯೇ ನೋಡಿಸು, ತುಕ್ಕು ಹಿಡಿದ ನಟ್ಟೂ ಸದ್ದು ಮಾಡುತ್ತದೆ. ಕೊನೆಗೆ ಅರ್ಥಿಂಗ್. ಆಳಿನುದ್ದ ಗುಂಡಿ ತೋಡಿ, ಇದ್ದಲು, ಉಪ್ಪು ತುಂಬಿ ತಂತಿ ಇಳಿಸಿದ್ದೇನೆ. ಆ ತಂತಿಗೆ ಯಾರಾದರೂ ಬೇರೆ ಏನನ್ನಾದರೂ ಕಟ್ಟಿದ್ದಾರೆಯೇ? ಕಣ್ಣಿಟ್ಟು ನೋಡಿ ಬರೆ.

ಸದ್ದು ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಬಂದ್, ಎಲ್ಲಾ ರೂಮಿನ ವಹಿಯಲ್ಲಿ ಬರೆದಿರುತ್ತೀ. ಆ ಹಾಳೆಗಳನ್ನು ಕಳಿಸು. ಬಾಯಿ ಸುಳ್ಳು ಹೇಳಬಹುದು, ವಹಿ ಹೇಳಬಾರದು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದೇನೆ.

ನಿನ್ನ ಕೆಂಪು ಬಾಳೆ ಹೇಗಿದೆ? ಗೊನೆ ಹಾಕಿತೇ?

ಸಾಯಬಣ್ಣ


ಕಮಲಾಪುರ
8 ನವೆಂಬರ್ 2024

ಕಾಕಾ,

ನಿಮ್ಮ ಕಾಗದ ಓದುವಾಗ ನಿಮ್ಮ ದನಿಯೇ ಕೇಳಿದಂತಾಯಿತು. ಕೂತವಳು ಎದ್ದು ನಿಂತು ಓದಿದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀರೋ ಇಲ್ಲವೋ ಅದನ್ನು ಬರೆಯಲೇ ಇಲ್ಲ.

ನೀವು ಹೇಳಿದ್ದೆಲ್ಲ ಮಾಡಿದೆ. ಚಾರ್ಜರ್ ಬಂದ್ ಮಾಡಿದರೂ ಸದ್ದು ಇದೆ. ಕೇಬಲ್ಲಿನ ಜೋಡಣೆ ಬಿಚ್ಚಿ ನೋಡಿದೆ, ಒಣಗಿ ಸ್ವಚ್ಛ ಇದೆ, ಆದರೂ ಹೊಸದು ಹಾಕಿದೆ. ನಟ್ಟುಗಳನ್ನು ಯಂಕಪ್ಪ ಬಿಗಿ ಮಾಡಿದ. ಅರ್ಥಿಂಗ್ ತಂತಿಗೆ ಏನೂ ಕಟ್ಟಿಲ್ಲ.

ಒಂದು ಮಾತು ಬರೆಯಲೋ ಬೇಡವೋ ಎನ್ನಿಸಿತು. ಗುಡ್ಡದ ಕೆಳಗೆ ನಬಿಸಾಬ್ ಚಾಚಾರ ವೆಲ್ಡಿಂಗ್ ಅಂಗಡಿ ಇದೆಯಲ್ಲ, ಈಚೆಗೆ ಅಲ್ಲಿ ಕೆಲಸ ಹೆಚ್ಚಾಗಿದೆ. ಅದರಿಂದ ಇದ್ದರೂ ಇರಬಹುದು. ನಾನು ಕಣ್ಣಾರೆ ನೋಡಿಲ್ಲ.

ವಹಿಯ ಹಾಳೆ ಆಮೇಲೆ ಕಳಿಸುತ್ತೇನೆ. ಬಾಳೆ ಪರವಾಗಿಲ್ಲ.

ವಿದ್ಯಾವತಿ


ಕೋಟನೂರ
12 ನವೆಂಬರ್ 2024

ವಿದ್ಯಾ,

ನಿನ್ನ ಕಾಗದ ನೋಡಿ ತಲೆ ಬಿಸಿಯಾಯಿತು. ವೆಲ್ಡಿಂಗ್! ನನಗೆ ಮೊದಲೇ ಹೊಳೆಯಬೇಕಿತ್ತು. ವೆಲ್ಡಿಂಗಿನ ಕಿಡಿ ಹಾರಿದರೆ ಸುತ್ತಲಿನ ರೇಡಿಯೋ ಎಲ್ಲ ಕರಕರ ಅನ್ನುತ್ತದೆ. ಟಕ್ ಟಕ್ ಅನ್ನುವುದು ಹೇಗೆ ಎಂದು ಒಂದು ಗಳಿಗೆ ಅನುಮಾನ ಬಂತು. ಆದರೆ ಅಲ್ಲಿ ಕೂತು ಕೇಳುವವಳು ನೀನು. ಅನುಮಾನ ನುಂಗಿಕೊಂಡೆ.

ನಿನ್ನೆ ಮೋಮಿನಪುರಕ್ಕೆ ಹೋಗಿದ್ದೆ. ನಬಿಸಾಬ್, ತನ್ನ ಮಗಳು ಬುಶ್ರಾಳ ಮನೆಗೆ ಬಂದವನು, ಅಲ್ಲೇ ಹೋಟೆಲಿನಲ್ಲಿ ಕೂತಿದ್ದ. ನಿಂತಲ್ಲಿಂದಲೇ ಕೂಗಿದೆ.

“ಏ ನಬಿಸಾಬ್, ನಿನ್ನ ವೆಲ್ಡಿಂಗ್ ಬೆಂಕ್ಯಾಗ ನನ್ನ ರಿಪೀಟರ್ ಸುಡಾಕತ್ತದ! ಸಂಜಿ ಮ್ಯಾಲೆ ಬಂದ್ ಇಡಾಕ ಏನು ಧಾಡಿ ನಿನಗ?”

“ಅರೆ ಸಾಯಬಣ್ಣ ಭಾಯಿ, ಮೊದಲ ಕೂಡ್ರಿ. ಸಂಜಿ ಮ್ಯಾಲೆ ನಾ ವೆಲ್ಡಿಂಗ್ ಹಿಡಿಯೋದೇ ಬಿಟ್ಟೀನಿ. ಕಣ್ಣು ಕಾಣಂಗಿಲ್ಲ.”

“ಕಣ್ಣು ಕಾಣಂಗಿಲ್ಲ, ಸುಳ್ಳು ಹೇಳಾಕ ಮಾತ್ರ ಬಾಯಿ ಛಲೋ ಅದ!”

ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. ಅವನು ಅರ್ಧ ಚಹಾ ಬಿಟ್ಟು ಎದ್ದು ಹೋದ. ಟವರ್ ನಿಲ್ಲಿಸಿದಾಗ ಅದರ ಒಂದೊಂದು ಕೀಲನ್ನೂ ಬೆಸೆದವನು ಅವನೇ. ಹಾಗಂತ ಸುಮ್ಮನಿರಲೇ? ಅವನ ಬಾಯಿಮಾತಿಗಿಂತ ನಿನ್ನ ಕಾಗದ ನನಗೆ ಹೆಚ್ಚು.

ಇನ್ನು ಸದ್ದು ನಿಲ್ಲಬೇಕು. ನಿಂತ ದಿನ ಬರೆ. ವಹಿಯ ಹಾಳೆ ಎಲ್ಲಿ?

ಸಾಯಬಣ್ಣ


ಕಮಲಾಪುರ
16 ನವೆಂಬರ್ 2024

ಕಾಕಾ,

ಸದ್ದು ನಿಂತಿಲ್ಲ.

ನಬಿಸಾಬ್ ಚಾಚಾರಿಗೆ ಮಂದಿಯ ಎದುರು ಅಷ್ಟು ಜೋರು ಮಾಡಬಾರದಿತ್ತು. ನಿನ್ನೆ ದಾರಿಯಲ್ಲಿ ಸಿಕ್ಕರು. ಯಾವಾಗಲೂ “ಏನ್ ಬೇಟಿ, ಊಟ ಆತೇನು” ಅನ್ನುವವರು ಏನೂ ಅನ್ನಲಿಲ್ಲ. ನಾನೂ ತಲೆ ತಗ್ಗಿಸಿ ಬಂದೆ.

ಇಪ್ಪತ್ತೆರಡು ವರ್ಷವಾಯಿತು ಕಾಕಾ. ಮನುಷ್ಯನಿಗೆ ವಯಸ್ಸಾದಂತೆ ಪೆಟ್ಟಿಗೆಗೂ ಆಗುತ್ತದೆ. ನೀವು ಇಷ್ಟು ಮನಸ್ಸಿಗೆ ಹಚ್ಚಿಕೊಂಡು ಆರೋಗ್ಯ ಕೆಡಿಸಿಕೊಳ್ಳಬೇಡಿ. ಆದದ್ದು ಆಗಲಿ ಎಂದು ಬಿಟ್ಟರೆ ಯಾರೂ ನಿಮ್ಮನ್ನು ಕಡಿಮೆ ಮಾಡಿ ನೋಡುವುದಿಲ್ಲ.

ವಿದ್ಯಾವತಿ


ಕೋಟನೂರ
27 ನವೆಂಬರ್ 2024

ವಿದ್ಯಾ,

ಆದದ್ದು ಆಗಲಿ ಎನ್ನುವುದನ್ನು ನಾನು ನಿನಗೆ ಕಲಿಸಿಲ್ಲ. ಎಲ್ಲಿ ಕಲಿತೆ? ಸಿಟ್ಟಿಗೆ ಹತ್ತು ದಿನ ಕಾಗದ ಮುಟ್ಟಲಿಲ್ಲ.

ಹೋಗಲಿ. ನೀನು ವಹಿ ಕಳಿಸಲಿಲ್ಲ ಅಂತ ಯಂಕಪ್ಪನಿಗೆ ಹೇಳಿ ಮೊಬೈಲಿನಲ್ಲಿ ಹಾಳೆಗಳ ಫೋಟೋ ತೆಗೆಸಿಕೊಂಡೆ. ನಿನಗೆ ಕೆಲಸ ಜಾಸ್ತಿ ಇರಬೇಕು, ಬೈಯುವುದಿಲ್ಲ. ಎರಡು ದಿನ ಭೂತಕನ್ನಡಿ ಹಿಡಿದು ಓದಿದೆ. ಏನು ಅಚ್ಚುಕಟ್ಟು ಬರೆದಿದ್ದೀ ಮಗಳೇ! ಅಕ್ಟೋಬರ್ ಹತ್ತರಿಂದ ಶುರು. ಸಂಜೆ ಏಳರಿಂದ ಬೆಳಗಿನ ಆರರವರೆಗೆ, ದಿನ ಬಿಡದೆ. ವಾರದಲ್ಲಿ ಒಂದು ದಿನ ಮಾತ್ರ ಬಿಟ್ಟು. ಸೋಮವಾರ ಸಂಜೆ ಸದ್ದಿಲ್ಲ. ಏಳು ಸೋಮವಾರ ಎಣಿಸಿದೆ, ಏಳರಲ್ಲೂ ನಿನ್ನ ಕೈಯಲ್ಲಿ “ಸದ್ದಿಲ್ಲ” ಅಂತ ಬರೆದಿದೆ.

ನಬಿಸಾಬ್ ಅಂಗಡಿ ಬಂದ್ ಇಡುವುದು ಶುಕ್ರವಾರ. ಶುಕ್ರವಾರ ಸದ್ದು ಇದೆ. ಸೋಮವಾರ ಅಂಗಡಿ ತೆಗೆದಿರುತ್ತದೆ, ಅವತ್ತು ಸದ್ದಿಲ್ಲ. ಅಂದರೆ ಅವನದಲ್ಲ. ಅಷ್ಟು ಮಂದಿಯ ಎದುರು ನಾನು ಬೊಗಳಿದ್ದೆಲ್ಲ ಸುಳ್ಳು. ನೀನು ಕಣ್ಣಾರೆ ನೋಡಿಲ್ಲ ಎಂದೇ ಬರೆದಿದ್ದೆ. ದುಡುಕಿದವನು ನಾನು. ತಪ್ಪು ನನ್ನದು, ನಿನ್ನದಲ್ಲ.

ಈಗ ತಲೆ ಓಡಿಸು. ಸೋಮವಾರ ರಜೆ ಹಾಕುವ ಯಂತ್ರ ಯಾವುದು? ಹಿಟ್ಟಿನ ಗಿರಣಿಯೇ? ನೀರಿನ ಪಂಪೇ? ನಾನು ಇಲ್ಲಿ ಕೂತು ನೆಹರು ಗಂಜಿನ ದಾಲ್ ಮಿಲ್ಲುಗಳ ರಜೆ ಎಣಿಸಬಲ್ಲೆ, ನಿಮ್ಮ ಗುಡ್ಡದ್ದು ನನಗೇನು ಗೊತ್ತು? ನೀನು ಅಲ್ಲೇ ಇರುವವಳು. ಇಬ್ಬರೂ ಕೂಡಿದರೆ ಕಳ್ಳ ಎಲ್ಲಿಗೆ ಹೋಗುತ್ತಾನೆ?

ಬೇಗ ಬರೆ. ಹೋದ ಗುರುವಾರದ್ದು ಗೊತ್ತಲ್ಲ. ಹೆರಿಗೆ ನೋವಿನ ಹೆಂಗಸು, ತಾಂಡಾದ ಹೆಸರನ್ನು ಟಕ್ ಟಕ್ ನುಂಗಿಬಿಟ್ಟಿತು, ಯಂಕಪ್ಪ ಬೇರೆ ತಾಂಡಾಕ್ಕೆ ಗಾಡಿ ಒಯ್ದ. ತಾಯಿ ಮಗು ಉಳಿದದ್ದು ದೇವರ ಪುಣ್ಯ. ಸುನೀಲಕುಮಾರ ಅದನ್ನೇ ಹಿಡಿದುಕೊಂಡು ಕುಣಿಯುತ್ತಿದ್ದಾನೆ.

ಸಾಯಬಣ್ಣ ಕಾಕಾ


ಕೋಟನೂರ
3 ಡಿಸೆಂಬರ್ 2024

ವಿದ್ಯಾ,

ಕಾಗದ ಮುಟ್ಟಿತೋ ಇಲ್ಲವೋ? ಯಂಕಪ್ಪ ಕೈಗೇ ಕೊಟ್ಟೆ ಅನ್ನುತ್ತಾನೆ. ಹನ್ನೆರಡು ದಿನ ಉಳಿದಿವೆ. ಮೈಯಲ್ಲಿ ಹುಷಾರಿಲ್ಲವೇ? ಹಾಗಿದ್ದರೆ ಅದನ್ನಾದರೂ ಬರೆ.

ಸಾಯಬಣ್ಣ ಕಾಕಾ


ಕೋಟನೂರ
6 ಡಿಸೆಂಬರ್ 2024

ವಿದ್ಯಾವತಿ,

ನೀನು ಬರೆಯದಿದ್ದದ್ದಕ್ಕೆ ಯಂಕಪ್ಪನನ್ನೇ ಕೇಳಿದೆ. ಪಾಪ, ಅವನಿಗೆ ನಾನು ಏನು ಕೇಳುತ್ತಿದ್ದೇನೆ ಅಂತಲೂ ಗೊತ್ತಿರಲಿಲ್ಲ.

“ಯಂಕಪ್ಪಾ, ನಿಮ್ಮ ಕಡಿ ಸೋಮವಾರ ಏನೇನು ಬಂದ್ ಇರ್ತದೋ?”

“ಸೋಮವಾರ ಎತ್ತಿಗೆ ನೊಗ ಹಾಕಂಗಿಲ್ಲಲ್ರಿ ಕಾಕಾ, ಬಸವಣ್ಣನ ವಾರ. ಗುಡ್ಡಕ್ಕ ಮೇಯಾಕ ಬಿಡ್ತಾರ, ಮರುದಿನ ನಸಕಿನ್ಯಾಗ ಹೊಡಕೊಂಡು ಬರ್ತಾರ. ಬಸವಣ್ಣಗ ಕರೆಂಟ್ ಹೊಡೀಬಾರದಂತ ವಿದ್ಯಕ್ಕನೂ ಅವತ್ತ ಝಟಕಾ ಮಶೀನ್ ಹಚ್ಚಂಗಿಲ್ಲ.”

“ಯಾವ ಮಶೀನ್?”

“ಹಂದಿ ಬೇಲಿದ್ರಿ. ಬಾಳಿ ತೋಟದ ಸುತ್ತ ತಂತಿ ಎಳದಾರಲ್ರಿ, ಸಂಜಿಗೆ ಹಚ್ಚತಾರ. ಸೆಕೆಂಡಿಗೊಮ್ಮೆ ಟಕ್ ಅಂತ ಕರೆಂಟ್ ಬಿಡ್ತದ. ಹಂದಿ ಮೂಗು ತಾಗಿಸ್ತು ಅಂದ್ರ ಓಡೇ ಹೋಗ್ತದ. ಅದರ ಅರ್ಥಿಂಗ್ ನಿಮ್ಮ ಟವರಿನ ಗುಂಡಿಗೇ ಇಳಿಸ್ಯಾರ... ನಿಮಗ ಗೊತ್ತಿಲ್ಲೇನ್ರಿ?”

ನನ್ನ ಮುಖ ನೋಡಿ ಅವನು ಗಾಡಿಯ ಕೀಲಿ ಎತ್ತಿಕೊಂಡು ಎದ್ದ.

ಅರ್ಥಿಂಗ್ ತಂತಿಗೆ ಏನೂ ಕಟ್ಟಿಲ್ಲ ಎಂದು ನೀನೇ ಬರೆದಿದ್ದೆ. ಆ ಕಾಗದ ನನ್ನ ಮುಂದೆಯೇ ಇದೆ. ನಾನು ಮೊದಲ ಕಾಗದದಲ್ಲೇ ಕೇಳಿದ್ದೆ, ಕಣ್ಣಿಟ್ಟು ನೋಡು ಎಂದಿದ್ದೆ. ಕಟ್ಟಿದವಳನ್ನೇ ಕೇಳಿದ್ದೇನೆ ಅಂತ ನನಗೇನು ಗೊತ್ತು!

ಇಷ್ಟಕ್ಕೇ ಮುಗಿದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಈವತ್ತು ಆಫೀಸಿಗೆ ಹೋದೆ, ಸದ್ದು ಸಿಕ್ಕಿತು ಎಂದು ಹೇಳಲು. ನಾನು ಬಾಯಿ ತೆಗೆಯುವ ಮೊದಲೇ ಸುನೀಲಕುಮಾರ ಒಂದು ಹಾಳೆ ಮುಂದಿಟ್ಟ. “ಕಾಕಾ, ನಿಮ್ಮ ಕೈಯಾಗ ಕಲಿತವರೇ ಬರದು ಕೊಟ್ಟಾರ, ಇನ್ನೇನು ಮಾತಾಡ್ತೀರಿ?” ಎಂದ. ನವೆಂಬರ್ ಹದಿನೆಂಟರ ತಾರೀಖು. “ಯಂತ್ರವು ಬಹಳ ಹಳೆಯದಾಗಿದ್ದು ದುರಸ್ತಿಗೆ ಯೋಗ್ಯವಿರುವುದಿಲ್ಲ. ತೆಗೆದುಹಾಕಲು ನನ್ನ ಅಭ್ಯಂತರವಿಲ್ಲ.” ಕೆಳಗೆ ನಿನ್ನ ಸಹಿ.

ಆರೋಗ್ಯ ಕೆಡಿಸಿಕೊಳ್ಳಬೇಡಿ ಎಂದು ನನಗೆ ಕಾಗದ ಬರೆದ ಎರಡೇ ದಿನಕ್ಕೆ!

ಹಂದಿ ಬಾಳೆಗೆ ಬಂದಾಗ ನೀನು ತಂತಿ ಹಾಕಿದೆ. ನೀನು ನನ್ನ ಬುಡಕ್ಕೆ ಬಂದೆಯಲ್ಲ, ನಾನು ಯಾವ ತಂತಿ ಹಾಕಬೇಕಿತ್ತು? ನಬಿಸಾಬನ ಹೆಸರು ಬರೆದು ನನ್ನನ್ನು ಅವನ ಮೇಲೆ ಛೂ ಬಿಟ್ಟೆ. ನಾನೂ ಹೋಗಿ ಕಚ್ಚಿ ಬಂದೆ. ನನ್ನ ಸಿಟ್ಟು ನಿನಗೆ ಚೆನ್ನಾಗಿ ಗೊತ್ತಿತ್ತು, ಅದನ್ನೇ ಕೆಲಸಕ್ಕೆ ಹಚ್ಚಿದೆ. ಹೆರಿಗೆ ಹೆಂಗಸಿನ ಗಾಡಿ ದಾರಿ ತಪ್ಪಿದ ಸಂಜೆಯೂ ಆ ತಂತಿ ಬಿಚ್ಚಲು ನಿನಗೆ ಕೈ ಬರಲಿಲ್ಲ.

ಮ್ಯಾನೇಜರಿಗೆ ನಾನು ಇನ್ನೂ ಏನೂ ಹೇಳಿಲ್ಲ. ಆ ಹಾಳೆ ಅಲ್ಲೇ ಮಡಚಿಟ್ಟು ಎದ್ದು ಬಂದೆ. ನನಗೆ ಒಂದೇ ಮಾತು ಬರೆ. ಸದ್ದು ನಿನ್ನ ಬೇಲಿಯದು ಅಂತ ನಿನಗೆ ಯಾವತ್ತು ಗೊತ್ತಾಯಿತು?

ಸಾಯಬಣ್ಣ


ಕಮಲಾಪುರ
9 ಡಿಸೆಂಬರ್ 2024

ಕಾಕಾ,

ಮೊದಲ ಸಂಜೆಯೇ ಗೊತ್ತಾಯಿತು.

ಸೆಪ್ಟೆಂಬರಿನಲ್ಲಿ ಹಂದಿಗಳು ಬಂದು ಅರ್ಧ ತೋಟ ಬುಡಮೇಲು ಮಾಡಿದವು. ಕೆಂಪು ಬಾಳೆ ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಬೇಕು, ನಿಮಗೆ ಗೊತ್ತು. ಮಶೀನ್ ತಂದೆ. ಇಲ್ಲಿಯ ಒಣ ಮೊರಂ ಕಲ್ಲುನೆಲದಲ್ಲಿ ಎಲ್ಲಿ ಸಲಾಕೆ ಹೊಡೆದರೂ ಅರ್ಥಿಂಗ್ ಹಿಡಿಯಲಿಲ್ಲ, ಬೇಲಿಗೆ ಜೋರೇ ಬರಲಿಲ್ಲ. ಇಡೀ ಗುಡ್ಡದಲ್ಲಿ ನಿಮ್ಮ ಗುಂಡಿಯಷ್ಟು ಒಳ್ಳೆಯ ಅರ್ಥಿಂಗ್ ಇನ್ನೊಂದಿಲ್ಲ. ಅಕ್ಟೋಬರ್ ಹತ್ತಕ್ಕೆ ಅದಕ್ಕೆ ಕಟ್ಟಿದೆ. ಏಳು ಗಂಟೆಗೆ ಹಚ್ಚಿ ರೂಮಿಗೆ ಬಂದರೆ ಸ್ಪೀಕರಿನಲ್ಲಿ ಟಕ್ ಟಕ್.

ನಾಳೆ ಬಿಚ್ಚುತ್ತೇನೆ ಎಂದುಕೊಂಡೆ. ಆ ರಾತ್ರಿ ಹಂದಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಗೊನೆ ಇಳಿಸುವವರೆಗೆ ಇರಲಿ ಎನ್ನಿಸಿತು. ಅಷ್ಟರಲ್ಲಿ ನಿಮ್ಮ ಕಾಗದ ಬಂತು. ಅವತ್ತೇ ಹೇಳಬೇಕಿತ್ತು. ನಿಮ್ಮ ಸಿಟ್ಟಿಗೆ ಹೆದರಿದೆ ಎಂದರೆ ಅರ್ಧ ಸತ್ಯ. ಹೇಳಿದರೆ ಬಿಚ್ಚಬೇಕಾಗುತ್ತದೆ, ಅದಕ್ಕೆ ಹೆದರಿದೆ. ಚಾಚಾರ ಹೆಸರು ಬರೆದಾಗ ನೀವು ಹೋಗಿ ಒಂದು ಮಾತು ಕೇಳಿ ಬರುತ್ತೀರಿ, ಅಷ್ಟರಲ್ಲಿ ದಿನ ಕಳೆಯುತ್ತದೆ ಎಂದುಕೊಂಡಿದ್ದೆ. ಆ ಹಾಳೆ ಮ್ಯಾನೇಜರ್ ಕೇಳಿದರು, ಬರೆದುಕೊಟ್ಟೆ. ಟವರೇ ಹೋದರೆ ಸದ್ದು ಯಾರದು ಎಂದು ಯಾರೂ ಕೇಳುವುದಿಲ್ಲ ಎನ್ನಿಸಿತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ವಹಿಯಲ್ಲಿ ಮಾತ್ರ ಸುಳ್ಳು ಬರೆಯಲು ಕೈ ಏಳಲಿಲ್ಲ. ಅದಕ್ಕೇ ಕಳಿಸಲಿಲ್ಲ.

ಶನಿವಾರ ತಂತಿ ಬಿಚ್ಚಿದೆ. ಅವತ್ತಿನಿಂದ ಸದ್ದಿಲ್ಲ. ನಿನ್ನೆ ಹಂದಿ ಬಂದಿದ್ದವು.

ಒಂದು ಕೇಳುತ್ತೇನೆ. ತುಕ್ಕು ಹಿಡಿದ ನಟ್ಟಿನ ಸದ್ದಾಗಿತ್ತು, ಬಿಗಿ ಮಾಡಿದೆವು ಎಂದು ಮ್ಯಾನೇಜರಿಗೆ ಹೇಳಿ. ನೀವು ಹೇಳಿದರೆ ನಂಬುತ್ತಾರೆ. ಟವರ್ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಈ ಕುರ್ಚಿ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ, ಇದನ್ನೂ ನೀವೇ ಕಲಿಸಿದ್ದು.

ವಿದ್ಯಾವತಿ


ಕೋಟನೂರ
14 ಡಿಸೆಂಬರ್ 2024

ವಿದ್ಯಾವತಿಯವರಿಗೆ,

ಟವರ್ ಉಳಿಯಿತು. ಗುರುವಾರ ಆಫೀಸಿಗೆ ಹೋಗಿದ್ದೆ. ಸುನೀಲಕುಮಾರ ಯಂಕಪ್ಪನ ಗಾಡಿಯ ರೇಡಿಯೋ ಸೆಟ್ ತರಿಸಿ ಸಂಜೆ ಏಳರಿಂದ ಒಂದು ತಾಸು ಮುಂದಿಟ್ಟುಕೊಂಡು ಕೂತ. ಒಂದು ಟಕ್ ಬರಲಿಲ್ಲ.

“ಅಗದೀ ಸ್ವಚ್ಛ ಅದಲ್ರಿ ಕಾಕಾ! ಏನಾಗಿತ್ತು?”

“ಅರ್ಥಿಂಗಿಗೆ ಹಂದಿ ಬೇಲಿ ಕಟ್ಟಿದ್ರು.”

“ಯಾರು?”

ನೀವು ಬರೆದುಕೊಟ್ಟ ನಟ್ಟು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ನಾಳೆ ಇನ್ನೊಂದು ಸದ್ದು ಬಂದಾಗ ನಾನು ಹೇಳುವುದನ್ನು ಯಾರು ನಂಬಬೇಕು? ನಿಮ್ಮ ಹೆಸರು ಹೇಳಿದೆ. ಹೇಳಿದರೆ ಏನಾಗುತ್ತದೆ ಅಂತ ಗೊತ್ತಿದ್ದೇ ಹೇಳಿದೆ. ಒಂದನೇ ತಾರೀಖಿನಿಂದ ರೂಮಿಗೆ ಬೇರೆಯವರನ್ನು ಕೂರಿಸುತ್ತಾರೆ. ಬೀಗದಕೈ ಯಂಕಪ್ಪನಿಗೆ ಕೊಡಿ.

ಅದಕ್ಕೂ ಹಿಂದಿನ ದಿನ ಬಸ್ಸು ಹಿಡಿದು ನಬಿಸಾಬನ ಅಂಗಡಿಗೆ ಬಂದಿದ್ದೆ. ಯಾರೂ ಇರಲಿಲ್ಲ, ಅವನೊಬ್ಬನೇ. ತಪ್ಪಾಯಿತು ಎಂದೆ. ಅವನು ಕೈಯಲ್ಲಿದ್ದ ಅರ ಕೆಳಗಿಡಲಿಲ್ಲ.

“ಬೈದಿದ್ದು ಮಂದ್ಯಾಗ, ಮಾಫಿ ಕೇಳೋದು ಮೂಲ್ಯಾಗ ಏನು ಭಾಯಿ?”

ಹೌದಲ್ಲ. ನಿನ್ನೆ ಶುಕ್ರವಾರ, ನಮಾಜು ಮುಗಿದು ಹೋಟೆಲು ತುಂಬಿದ್ದಾಗ ಮೋಮಿನಪುರಕ್ಕೆ ಹೋದೆ. ಅವನೂ ಇದ್ದ. ನಿಂತು ಕೂಗಿ ಹೇಳಿದೆ, “ನಬಿಸಾಬಂದು ಏನೂ ತಪ್ಪಿಲ್ಲ. ನಾ ಮೂರ್ಖ, ಯಾರದೋ ಮಾತು ಕೇಳಿ ಬೈದೀನಿ.” ಮಂದಿ ನಕ್ಕರು. ಅವನು “ಆತು ತಗೋರಿ” ಎಂದ, ಅಷ್ಟೇ. ನಾನು ತರಿಸಿದ ಚಹಾ ಮುಟ್ಟಲಿಲ್ಲ. ನಲವತ್ತು ವರ್ಷದ ಗೆಳೆತನ ಇಷ್ಟಕ್ಕೆ ಬಂತು. ಯಾರ ಮಾತು ಅಂತ ಅವನು ಕೇಳಲಿಲ್ಲ, ಅಲ್ಲಿ ನಾನು ಹೇಳಲೂ ಇಲ್ಲ. ಅದೊಂದು ಉಪಕಾರ ಅಂತ ತಿಳಿಯಬೇಡಿ. ನಿಮ್ಮ ಹೆಸರು ಎತ್ತಿದ್ದರೆ ನನ್ನ ದನಿ ಒಡೆಯುತ್ತಿತ್ತು.

ಬಸ್ಸಿನಿಂದ ನಿಮ್ಮ ತೋಟ ಕಂಡಿತು. ರಸ್ತೆಯ ಕಡೆಯ ಗಿಡಗಳೆಲ್ಲ ನೆಲ ಹಿಡಿದಿವೆ. ಬೇಲಿ ಬೇಕು. ತೋಟದ ಕೆಳಗಿನ ಮೂಲೆಯಲ್ಲಿ, ಟವರಿನಿಂದ ನೂರು ಹೆಜ್ಜೆಗೆ ಕಡಿಮೆ ಇಲ್ಲದಂತೆ, ಬೇರೆ ಗುಂಡಿ ತೋಡಿಸಿ. ಆಳಿನುದ್ದ ಇರಲಿ. ಒಂದು ಪದರ ಇದ್ದಲು, ಒಂದು ಪದರ ಉಪ್ಪು ಹಾಕಿ, ಮೊರಂ ಬೇಡ, ಕೆರೆಯ ಕರಿಮಣ್ಣು ತರಿಸಿ ತುಂಬಿ. ವಾರಕ್ಕೆ ಎರಡು ಕೊಡ ನೀರು ಹಾಕಿ. ಬಾಳೆ ಎಲೆ ತಂತಿಗೆ ತಾಗದಂತೆ ಕೊಯ್ಯಿರಿ, ತಾಗಿದಲ್ಲಿ ಕಿಡಿ ಹಾರಿ ಮತ್ತೆ ಟಕ್ ಟಕ್ ಶುರುವಾಗುತ್ತದೆ. ಬೇಲಿ ಕಂಬಕ್ಕೆ ತಂತಿ ಹಿಡಿಸಿದ ಚೀನಿಮಣ್ಣಿನ ಬಿಲ್ಲೆ ಒಡೆದಿದ್ದರೆ ಬದಲಿಸಿ. ಹೀಗೆ ಮಾಡಿದರೆ ಬೇಲಿಗೆ ಜೋರೂ ಬರುತ್ತದೆ, ಮೇಲೆ ಸದ್ದೂ ಇರುವುದಿಲ್ಲ. ಅಕ್ಟೋಬರಿನಲ್ಲಿ ಒಂದು ಮಾತು ಕೇಳಿದ್ದರೆ ಅವತ್ತೇ ಇದನ್ನು ಹೇಳುತ್ತಿದ್ದೆ. ಬೈದೇ ಹೇಳುತ್ತಿದ್ದೆ, ಆದರೆ ಹೇಳುತ್ತಿದ್ದೆ.

ಕಾಗದದಲ್ಲಿ ತಿಳಿಯದಿದ್ದರೆ ಯಂಕಪ್ಪನನ್ನು ಕೇಳಿ, ಅವನಿಗೆ ಗುರುತು ಹಾಕಿ ತೋರಿಸಿದ್ದೇನೆ. ನಾನೇ ಬಂದು ಗುಂಡಿಯ ಬುಡದಲ್ಲಿ ಕೂತು ಮಾಡಿಸಬಹುದಿತ್ತು, ತೋಟದವರೆಗೆ ದಾರಿ ಸಪಾಟಿದೆ, ಮೊಣಕಾಲು ಅಷ್ಟು ನಡೆಯುತ್ತದೆ. ಆದರೆ ಬಂದರೆ ನೀವು ಎದುರಿಗೆ ನಿಂತು ಏನೋ ಹೇಳುತ್ತೀರಿ, ನಾನು ಮತ್ತೆ ನಂಬುತ್ತೇನೆ. ಅದಕ್ಕೇ ಬರುವುದಿಲ್ಲ.

ಸಾಯಬಣ್ಣ